ಕೆಲಸದ ಜೊತೆಗೆ ಕನ್ನಡ ಯೂಟ್ಯೂಬ್ ಚಾನೆಲ್: ಕ್ಯಾಮೆರಾ ಆಮೇಲೆ, ಮೊದಲು ವಿಷಯ

ನೀವು ಕೇಳಿರುವುದು ಇಷ್ಟು. ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೀರಿ, ಸಂಜೆ ಮತ್ತು ಭಾನುವಾರ ಸ್ವಲ್ಪ ಬಿಡುವಿದೆ, ಕನ್ನಡದಲ್ಲಿ ಯೂಟ್ಯೂಬ್ ಚಾನೆಲ್ ಶುರು ಮಾಡಬೇಕು. ಇಎಂಐನಲ್ಲಿ ಕ್ಯಾಮೆರಾ ತಗೊಳ್ಳಲಾ? ವ್ಲಾಗ್ ಮಾಡಲಾ, ಷೇರು ಮಾರ್ಕೆಟ್ ಬಗ್ಗೆ ಹೇಳಲಾ? ದುಡ್ಡು ಯಾವಾಗ ಬರುತ್ತೆ? ಆಮೇಲೆ ಕೆಲಸ ಬಿಡಬಹುದಾ?

ಕೆಲಸ ಬಿಡಬೇಡಿ. ಕ್ಯಾಮೆರಾನೂ ಈಗ ಬೇಡ. ಉಳಿದ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಸಮಯ ಮಾಡಿಕೊಂಡು ಓದಿ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಸಂಪು, ಮೋಟರು, ನಲ್ಲಿ, ಗೀಸರು, ಹೀಗೆ ಮನೆಯ ನೀರಿನ ಕೆಲಸಗಳ ಬಗ್ಗೆ ಕನ್ನಡದಲ್ಲಿ ಒಂದು ಚಾನೆಲ್ ನಡೆಸುತ್ತೇನೆ. ಕೆಲವು ವರ್ಷ ಆಯ್ತು. ದೊಡ್ಡ ಚಾನೆಲ್ ಅಲ್ಲ, ಆದರೆ ಸಂಬಳದ ಪಕ್ಕದಲ್ಲಿ ಒಂದು ಆದಾಯ ಅಂತ ಧೈರ್ಯವಾಗಿ ಹೇಳುವಷ್ಟಿದೆ.

ಎಲ್ಲಕ್ಕಿಂತ ಮುಖ್ಯ ವಿಷಯದ ಆಯ್ಕೆ. ನನ್ನ ಚಾನೆಲ್‌ನಲ್ಲಿ ಇವತ್ತಿಗೂ ದಿನಾ ಓಡುವ ವಿಡಿಯೋ ಯಾವುದು ಗೊತ್ತಾ? ಮೋಟರ್ ಓಡುತ್ತೆ, ಆದರೆ ನೀರು ಟ್ಯಾಂಕಿಗೆ ಏರಲ್ಲ, ಯಾಕೆ ಅನ್ನೋದು. ಅದರಲ್ಲಿ ನನ್ನ ಮುಖವೇ ಇಲ್ಲ. ಎರಡು ಕೈ, ಒಂದು ಸ್ಪ್ಯಾನರ್, ಒಂದು ಚೊಂಬು. ಮೊದಲು ಸ್ವಿಚ್ ಆಫ್ ಮಾಡಿ, ಪಂಪಿನ ಮೇಲಿರುವ ಬೋಲ್ಟ್ ಬಿಚ್ಚಿ, ಚೊಂಬಿನಿಂದ ನಿಧಾನಕ್ಕೆ ನೀರು ಹುಯ್ಯುತ್ತೇನೆ. ಗುಳ್ಳೆ ಬರುತ್ತೆ, ನೀರು ಕೆಳಗಿಳಿಯುತ್ತೆ, ಮತ್ತೆ ಹುಯ್ಯುತ್ತೇನೆ. ಗುಳ್ಳೆ ನಿಂತು ನೀರು ಬಾಯಿಮಟ್ಟಕ್ಕೆ ನಿಂತ ಮೇಲೆ ಬೋಲ್ಟ್ ಬಿಗಿ ಮಾಡಿ ಮೋಟರ್ ಹಾಕುತ್ತೇನೆ. ಎಷ್ಟು ಹುಯ್ದರೂ ನೀರು ನಿಲ್ಲದಿದ್ದರೆ ಬಹುತೇಕ ಸಂಪಿನೊಳಗಿನ ಫುಟ್‌ವಾಲ್ವ್, ಅಂದ್ರೆ ಪೈಪಿನ ತುದಿಯಲ್ಲಿ ನೀರು ವಾಪಸ್ ಹೋಗದಂತೆ ತಡೆಯುವ ವಾಲ್ವ್, ಹೋಗಿದೆ ಅಂತ ಅರ್ಥ. ಅಷ್ಟೇ ವಿಡಿಯೋ. ಬೆಳಿಗ್ಗೆ ಏಳು ಗಂಟೆಗೆ ಟ್ಯಾಂಕ್ ಖಾಲಿ, ಮಕ್ಕಳು ಸ್ಕೂಲಿಗೆ ಹೊರಡಬೇಕು, ಪ್ಲಂಬರ್ ಫೋನ್ ಎತ್ತುತ್ತಿಲ್ಲ, ಆಗ ಒಬ್ಬರು ಅದನ್ನು ಹುಡುಕುತ್ತಾರೆ. ಅವರಿಗೆ ನನ್ನ ಲೋಗೋ ಬೇಡ, ಇಂಟ್ರೋ ಮ್ಯೂಸಿಕ್ ಬೇಡ, ನೀರು ಬೇಕು.

ಬೆಂಗಳೂರಿನ 2024ರ ಬೇಸಿಗೆ ನೆನಪಿದೆ ಅಲ್ವಾ? ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್‌ಗೆ ಕಾಯುತ್ತಾ ಕೂತಿದ್ದೆವು. ಆ ಮಾರ್ಚಿನಲ್ಲಿ ಜಲಮಂಡಳಿ ಹೋಟೆಲ್, ಮಾಲ್ ಮುಂತಾದ ಕಡೆ ನಲ್ಲಿಗಳಿಗೆ ಏರೇಟರ್ (ನೀರು ಕಡಿಮೆ ಖರ್ಚಾಗಲಿ ಅಂತ ನಲ್ಲಿ ಬಾಯಿಗೆ ಹಾಕುವ ಸಣ್ಣ ಜಾಲರಿ) ಕಡ್ಡಾಯ ಮಾಡಿತು. ಏರೇಟರ್ ಅಂದ್ರೆ ಏನು, ಹಳೇ ನಲ್ಲಿಗೆ ಅದು ಕೂರುತ್ತಾ, ತಿರುಪು ಹೊಂದದಿದ್ದರೆ ಏನು ಮಾಡಬೇಕು ಅಂತ ಜನ ಕೇಳುತ್ತಿದ್ದರು. ಕನ್ನಡದಲ್ಲಿ ಕೈಯಲ್ಲಿ ಹಿಡಿದು ತೋರಿಸಿದೆ, ಜನ ನೋಡಿದರು. ನಮ್ಮ ಊರಿನವರಿಗೆ ಇವತ್ತು ಎದುರಾಗಿರುವ ತೊಂದರೆ, ಅದಕ್ಕೆ ಕನ್ನಡದಲ್ಲಿ ನೆಟ್ಟಗೆ ಉತ್ತರ. ನನ್ನ ಮಟ್ಟಿಗೆ ಚಾನೆಲ್ ಬೆಳೆದದ್ದು ಇದರಿಂದಲೇ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ವ್ಲಾಗ್ ಬೇಡ ಅಂತೀನಿ. ವ್ಲಾಗ್ ನೋಡಲು ಜನ ಬರೋದು ಗುರುತಿರುವವರ ಮುಖ ನೋಡಲು, ಹೊಸಬರನ್ನು ಹುಡುಕಿಕೊಂಡು ಯಾರೂ ಬರಲ್ಲ. ಷೇರು ಮಾರ್ಕೆಟ್ ಅಂತೂ ಬೇಡವೇ ಬೇಡ. ಷೇರು ಮಾರ್ಕೆಟ್ ನಿಯಂತ್ರಿಸುವ ಸೆಬಿಯ ನೋಂದಣಿ ಇಲ್ಲದೆ ಈ ಷೇರು ತಗೊಳ್ಳಿ, ಆ ಷೇರು ಮಾರಿ ಅಂತ ಸಲಹೆ ಕೊಡುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮಾತು ನಂಬಿ ಯಾರೋ ಮಗಳ ಮದುವೆಗೆ ಕೂಡಿಟ್ಟ ದುಡ್ಡು ಕಳೆದುಕೊಂಡರೆ ನಿಮಗೆ ನಿದ್ದೆ ಬರುತ್ತಾ?

ನೀವು ದಿನಾ ಮಾಡುವ ಕೆಲಸದಲ್ಲೇ ಚಿನ್ನದಂಥ ವಿಷಯಗಳಿವೆ. 2025ರ ಜುಲೈನಲ್ಲಿ ಏನಾಯ್ತು ನೋಡಿ. ಯುಪಿಐ ಲೆಕ್ಕ ಇಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಮಾತ್ರ ಅಂತ ಚೀಟಿ ಅಂಟಿಸಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್ ಅಂತ ಒಂದು ದಾರಿ ಇದೆ. ಇದೆಲ್ಲ ನಿಮಗೆ ಬಾಯಿಪಾಠ. ಆ ಅಂಗಡಿಯವರಿಗೆ ಇದನ್ನು ಅವರ ಮಾತಿನಲ್ಲಿ, ಅವರದೇ ಒಂದು ಬಿಲ್ ಇಟ್ಟುಕೊಂಡು ಸಮಾಧಾನವಾಗಿ ಹೇಳುವವರು ಬೇಕು. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಆದರೂ ಅದಕ್ಕೆ ಸಾವಿರ ರೂಪಾಯಿ ಕೊಟ್ಟು ಮಾಡಿಸಿಕೊಂಡವರನ್ನು ನಾನೇ ನೋಡಿದ್ದೇನೆ. ಸಂಬಳದ ಸ್ಲಿಪ್‌ನಲ್ಲಿ ಕಾಣುವ ಪ್ರೊಫೆಷನಲ್ ಟ್ಯಾಕ್ಸ್ 200 ರೂಪಾಯಿ ಯಾಕೆ, ಪಿಎಫ್ ಎಷ್ಟು ಹಿಡಿಯುತ್ತಾರೆ, ಸಂಬಳದಲ್ಲಿ ಹಿಡಿದ ತೆರಿಗೆಗೆ ಕಂಪನಿ ಕೊಡುವ ಫಾರ್ಮ್ 16 ಕೈಗೆ ಬಂದ ಮೇಲೆ ಏನು ಮಾಡಬೇಕು ಅನ್ನೋದು ನಮ್ಮ ಕಾರ್ಖಾನೆಯಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನನ್ನನ್ನು ಕೇಳುತ್ತಾರೆ, ನನಗೂ ಅರ್ಧಂಬರ್ಧ. ನೀವು ಮಾಡಿದರೆ ಮೊದಲು ನೋಡುವವನು ನಾನೇ.

ಒಂದು ಎಚ್ಚರಿಕೆ. ಕ್ಲೈಂಟ್‌ಗಳ ಕಾಗದ, ಪ್ಯಾನ್ ನಂಬರ್, ಬ್ಯಾಂಕ್ ವಿವರ ಸ್ಕ್ರೀನಿನಲ್ಲಿ ಒಂದು ಸೆಕೆಂಡ್ ಕೂಡ ಕಾಣಬಾರದು. ಉದಾಹರಣೆಗೆ ಬೇಕಾದ ಬಿಲ್, ಸ್ಲಿಪ್ ಎಲ್ಲವನ್ನೂ ಸುಳ್ಳು ಹೆಸರು ಹಾಕಿ ನೀವೇ ತಯಾರು ಮಾಡಿಕೊಳ್ಳಿ. ನಿಮ್ಮ ಆಫರ್ ಲೆಟರ್ ಕೂಡ ತೆಗೆದು ಓದಿ. ಬೇರೆ ಆದಾಯದ ಕೆಲಸ ಮಾಡಬಾರದು ಅಂತ ಅದರಲ್ಲಿ ಸಾಲು ಇದ್ದರೆ ಆಡಿಟರ್ ಹತ್ತಿರ ಮೊದಲೇ ಮಾತಾಡಿ, ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ.

ಸಾಮಾನಿನ ಬಗ್ಗೆ. ಈಗಿರುವ ಫೋನ್ ಸಾಕು. ಖರ್ಚು ಮಾಡಲೇಬೇಕು ಅಂದ್ರೆ ಧ್ವನಿಗೆ ಮಾಡಿ. ಎಸ್‌ಪಿ ರೋಡಿಗೆ ಹೋದರೆ ವೈರ್ ಇರುವ ಕಾಲರ್ ಮೈಕ್ ಸಾವಿರ ರೂಪಾಯಿ ಒಳಗೇ ಸಿಗುತ್ತೆ, ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ರೆಕಾರ್ಡ್ ಮಾಡಿ ಕೇಳಿ ತಗೊಳ್ಳಿ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಹತ್ತು ಸೆಕೆಂಡ್ ಕೂಡ ನಿಲ್ಲಲ್ಲ. ಅದೂ ನಮ್ಮ ಬೆಂಗಳೂರಿನ ಮನೆಗಳಲ್ಲಿ ರೆಕಾರ್ಡಿಂಗ್ ಅಂದ್ರೆ ಒಂದು ಸಾಹಸ. ಪಕ್ಕದ ಮನೆಯ ಕುಕ್ಕರ್ ಸೀಟಿ, ಸೊಪ್ಪಿನವರ ಕೂಗು, ಕಸದ ಗಾಡಿಯ ಹಾಡು, ಮೇಲಿನ ಮನೆಯಲ್ಲಿ ಕುರ್ಚಿ ಎಳೆಯೋ ಸದ್ದು. ನಾನು ಭಾನುವಾರ ಬೆಳಿಗ್ಗೆ ಐದೂವರೆಗೆ ಶುರು ಮಾಡುತ್ತೇನೆ. ಫ್ಯಾನ್ ಆಫ್, ಫ್ರಿಜ್ ಸ್ವಲ್ಪ ಹೊತ್ತು ಆಫ್. ಖಾಲಿ ಹಾಲಿಗಿಂತ ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ರೂಮಿನಲ್ಲಿ ಮಾತು ಗುಂಯ್‌ಗುಡಲ್ಲ. ಬೆಳಕಿಗೆ ಕಿಟಕಿ ಕಡೆ ಮುಖ ಮಾಡಿ ಕೂತರೆ ಸಾಕು. ಎಡಿಟಿಂಗ್‌ಗೆ ಫೋನಿನಲ್ಲಿ ಕೈನ್‌ಮಾಸ್ಟರ್ ಅಥವಾ ವಿಎನ್, ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್ ಉಚಿತವಾಗಿ ಸಿಗುತ್ತೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಹಾಡಿನ ಹಕ್ಕಿರುವವರು ಕ್ಲೈಮ್ ಹಾಕಿದರೆ ಆ ವಿಡಿಯೋದ ದುಡ್ಡು ಅವರಿಗೆ ಹೋಗಬಹುದು, ಅವರ ದೂರಿನ ಮೇಲೆ ಯೂಟ್ಯೂಬ್ ವಿಡಿಯೋ ತೆಗೆದು ಸ್ಟ್ರೈಕ್ ಕೊಟ್ಟರೆ ಇನ್ನೂ ಕಷ್ಟ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗುವ ಸಾಧ್ಯತೆ ಇದೆ. ಯೂಟ್ಯೂಬಿನ ಆಡಿಯೋ ಲೈಬ್ರರಿಯಲ್ಲಿ ಬೇಕಾದಷ್ಟು ಸಂಗೀತ ಇದೆ.

ಮಾತು ಶುರು ಮಾಡುವ ರೀತಿ ತುಂಬಾ ಮುಖ್ಯ. ಎಲ್ಲರಿಗೂ ನಮಸ್ಕಾರ, ನನ್ನ ಚಾನೆಲ್‌ಗೆ ಸ್ವಾಗತ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ ಅನ್ನೋದರಲ್ಲೇ ಅರ್ಧ ನಿಮಿಷ ಹೋಗುತ್ತೆ. ಅಷ್ಟರಲ್ಲಿ ಜನ ಹೋಗಿರುತ್ತಾರೆ. ಬದಲಿಗೆ ನೋಟಿಸ್ ಕೈಯಲ್ಲಿ ಹಿಡಿದು, ನಿಮಗೂ ಇಂಥದ್ದು ಬಂದಿದೆಯಾ, ಮೊದಲು ಈ ದಿನಾಂಕ ನೋಡಿ ಅಂತ ಶುರು ಮಾಡಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ರಿಟೆನ್ಷನ್ ಗ್ರಾಫ್ ಅಂತ ಇದೆ, 30ನೇ ಸೆಕೆಂಡಿಗೆ ಎಷ್ಟು ಶೇಕಡಾ ಜನ ಉಳಿದಿದ್ದಾರೆ ಅಂತ ಅದು ತೋರಿಸುತ್ತೆ. ಎಲ್ಲಿ ಗೆರೆ ದಬಕ್ಕಂತ ಇಳಿದಿದೆಯೋ ಆ ಜಾಗದಲ್ಲಿ ನೀವು ಏನು ಮಾತಾಡುತ್ತಿದ್ದಿರಿ ಅಂತ ಹಾಕಿಕೊಂಡು ಕೇಳಿ. ಯಾವ ಕೋರ್ಸ್‌ಗೆ ದುಡ್ಡು ಕಟ್ಟಿದರೂ ಇಷ್ಟು ನೇರ ಪಾಠ ಸಿಗಲ್ಲ.

ಟೈಟಲ್ ಅನ್ನು ಜನ ಹುಡುಕುವ ಹಾಗೆ ಬರೆಯಿರಿ. ನಮ್ಮಲ್ಲಿ ಬಹಳ ಜನ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಇನ್ನು ಕೆಲವರು ಮೈಕ್ ಒತ್ತಿ ಬಾಯಲ್ಲೇ ಕೇಳುತ್ತಾರೆ. ಹಾಗಾಗಿ ಟೈಟಲ್ ಕನ್ನಡದಲ್ಲಿರಲಿ, ವಿವರಣೆಯಲ್ಲಿ ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲೂ ಇರಲಿ. ಥಂಬ್‌ನೇಲ್, ಅಂದ್ರೆ ವಿಡಿಯೋದ ಮುಖಚಿತ್ರದ ಮೇಲೆ ಮೂರು ನಾಲ್ಕು ಪದಕ್ಕಿಂತ ಜಾಸ್ತಿ ಬೇಡ, ನೋಡುವವರ ಫೋನ್ ಚಿಕ್ಕದು. ಕಾಮೆಂಟ್‌ಗಳನ್ನು ಒಂದೊಂದಾಗಿ ಓದಿ, ಉತ್ತರ ಕೊಡಿ. ನನ್ನ ಮುಂದಿನ ವಿಡಿಯೋ ಯಾವುದು ಅಂತ ನಾನು ತಲೆ ಕೆಡಿಸಿಕೊಳ್ಳೋದೇ ಇಲ್ಲ, ಸಾರ್ ನಮ್ಮ ಮನೇಲಿ ಹೀಗಾಗಿದೆ ಅಂತ ಯಾರಾದರೂ ಬರೆದೇ ಇರುತ್ತಾರೆ.

ದುಡ್ಡಿನ ಲೆಕ್ಕ ನಿಮಗೆ ಇಷ್ಟ ಆಗುತ್ತೆ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. 4,000 ಗಂಟೆ ಅಂದ್ರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ 3 ನಿಮಿಷ ನೋಡಿದರೆ 80,000 ವೀಕ್ಷಣೆ, ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 220. ಎಂಟು ಹತ್ತು ಒಳ್ಳೆ ವಿಡಿಯೋ ಇದ್ದು, ಅವನ್ನು ಜನ ವರ್ಷವಿಡೀ ಹುಡುಕುತ್ತಿದ್ದರೆ ಇದು ಆಗದ ಮಾತಲ್ಲ. ಶಾರ್ಟ್ಸ್ ಫೀಡಿನಲ್ಲಿ ಆದ ವೀಕ್ಷಣೆ ಈ 4,000 ಗಂಟೆಗೆ ಸೇರಲ್ಲ, ಅದು ನೆನಪಿರಲಿ. ಶಾರ್ಟ್ಸ್ ಮಾಡಿ, ಆದರೆ ದೊಡ್ಡ ವಿಡಿಯೋಗೆ ಜನರನ್ನು ಕರೆತರಲು ಮಾಡಿ.

ಉದ್ದದ ವಿಡಿಯೋ ಜಾಹೀರಾತಿನಲ್ಲಿ 55 ಶೇಕಡಾ ನಮಗೆ, ಶಾರ್ಟ್ಸ್‌ನಲ್ಲಿ ನಮ್ಮ ಪಾಲಿಗೆ ಬಂದದ್ದರಲ್ಲಿ 45 ಶೇಕಡಾ. 8 ನಿಮಿಷ ಅಥವಾ ಜಾಸ್ತಿ ಇದ್ದರೆ ಮಧ್ಯದಲ್ಲೂ ಜಾಹೀರಾತು ಹಾಕಬಹುದು. ಹಾಗಂತ ನಾಲ್ಕು ನಿಮಿಷದ ಮಾತನ್ನು ಸುಮ್ನೆ ಎಳೆಯಬೇಡಿ, ಜನಕ್ಕೆ ಗೊತ್ತಾಗುತ್ತೆ. ಗಳಿಕೆ 10 ಡಾಲರ್ ದಾಟಿದ ಮೇಲೆ ಗೂಗಲ್‌ನವರು ಮನೆಗೆ ಅಂಚೆಯಲ್ಲಿ ಪಿನ್ ಕಳಿಸುತ್ತಾರೆ. ಎಷ್ಟನೇ ಕ್ರಾಸ್, ಎಷ್ಟನೇ ಮೇನ್, ಯಾವ ಬ್ಲಾಕ್ ಅಂತ ಸರಿಯಾಗಿ ಹಾಕಿ, ಪೋಸ್ಟ್‌ಮ್ಯಾನ್‌ಗೆ ಒಂದು ಮಾತು ಹೇಳಿಟ್ಟಿರಿ. 100 ಡಾಲರ್ ಆದ ಮೇಲೆ ದುಡ್ಡು ಬ್ಯಾಂಕಿಗೆ ಬರುತ್ತೆ, ತಿಂಗಳ 21ರಿಂದ 26ರೊಳಗೆ ಕಳಿಸುತ್ತಾರೆ. ಅಮೆರಿಕದ ತೆರಿಗೆ ಫಾರ್ಮ್ ತುಂಬದೆ ಬಿಡಬೇಡಿ. ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ 24 ಶೇಕಡಾವರೆಗೆ ಹಿಡಿಯಬಹುದು, ತುಂಬಿದರೆ ಅಮೆರಿಕದಲ್ಲಿ ನೋಡಿದವರಿಂದ ಬಂದ ಭಾಗಕ್ಕೆ ಮಾತ್ರ.

ಆದರೆ ಜಾಹೀರಾತಿನ ದುಡ್ಡನ್ನೇ ನಂಬಿ ಕೂರಬೇಡಿ. ಒಂದು ತಿಂಗಳು ಚೆನ್ನಾಗಿರುತ್ತೆ, ಮುಂದಿನ ತಿಂಗಳು ಅರ್ಧ. ನನಗೆ ಜಾಸ್ತಿ ದುಡ್ಡು ಬರೋದು ಚಾನೆಲ್ ನೋಡಿ ಕರೆಯುವವರಿಂದ. ಯಾವುದೋ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಫೋನ್ ಮಾಡಿ, ನಿಮ್ಮ ವಿಡಿಯೋ ನೋಡಿದ್ವಿ, ನಮ್ಮ ಸಂಪು, ಪಂಪು ಒಂದು ಸಲ ಬಂದು ನೋಡಿ ಹೇಳ್ತೀರಾ ಅಂತಾರೆ. ಶನಿವಾರ ಮಧ್ಯಾಹ್ನ ಹೋಗುತ್ತೇನೆ, ಫೀಸ್ ತಗೊಳ್ಳುತ್ತೇನೆ. ಚಾನೆಲ್ ಅನ್ನೋದು ಅಂಗಡಿ ಮುಂದಿನ ಬೋರ್ಡ್ ಇದ್ದ ಹಾಗೆ, ಒಳಗೆ ಕೊಡಲು ನಿಮ್ಮ ಹತ್ತಿರ ಏನೋ ಇರಬೇಕು. ನಿಮ್ಮ ಹತ್ತಿರ ಇದೆ. ಸಣ್ಣ ಅಂಗಡಿಯವರ ಲೆಕ್ಕ ಬರೆಯೋದು, ರಿಟರ್ನ್ಸ್, ಭಾನುವಾರ ಆನ್‌ಲೈನ್‌ನಲ್ಲಿ ಟ್ಯಾಲಿ ಕ್ಲಾಸ್. ನಿಮ್ಮ ಆಫೀಸಿನ ಕ್ಲೈಂಟ್‌ಗಳನ್ನು ಮಾತ್ರ ಮುಟ್ಟಬೇಡಿ.

ಕಂಪನಿಯವರು ದುಡ್ಡು ಕೊಟ್ಟು ಏನಾದರೂ ಹೇಳಿಸಿದರೆ ಅದನ್ನು ವಿಡಿಯೋದಲ್ಲೇ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟು ಜನರನ್ನು ದಾರಿ ತಪ್ಪಿಸಿದರೆ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ 10 ಲಕ್ಷದವರೆಗೆ ದಂಡ ಇದೆ. ದಂಡಕ್ಕಿಂತ ದೊಡ್ಡ ನಷ್ಟ ಅಂದ್ರೆ ಜನ ಇನ್ನೊಮ್ಮೆ ನಿಮ್ಮ ಮಾತು ನಂಬಲ್ಲ. 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸಾಮಾನು ಉಚಿತವಾಗಿ ಕೊಟ್ಟರೆ ಅದಕ್ಕೂ ಟಿಡಿಎಸ್ (ಕೊಡುವವರೇ ಮೊದಲು ಹಿಡಿದು ಕಟ್ಟುವ ತೆರಿಗೆ) ಇದೆ, 2022ರ ಜುಲೈಯಿಂದ. ಈ ಆದಾಯ ಬಂದ ಮೇಲೆ ಸಂಬಳದವರು ಸಾಮಾನ್ಯವಾಗಿ ತುಂಬುವ ಆದಾಯ ತೆರಿಗೆ ಫಾರ್ಮ್ ಐಟಿಆರ್-1 ನಡೆಯಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಎಷ್ಟು ಹೊತ್ತು ಕೊಡಬೇಕು? ಎರಡು ವಾರಕ್ಕೆ ಒಂದು ವಿಡಿಯೋ ಸಾಕು. ದಿನಾ ಹಾಕುತ್ತೇನೆ ಅಂತ ಹೊರಟವರು ಎರಡು ತಿಂಗಳಿಗೆ ಸುಸ್ತಾಗಿ ನಿಲ್ಲಿಸೋದನ್ನು ತುಂಬಾ ನೋಡಿದ್ದೇನೆ. ಮನೆಯವರಿಗೆ ಭಾನುವಾರದ ಮಧ್ಯಾಹ್ನ ಬಿಟ್ಟುಕೊಡಿ, ಅದರಲ್ಲಿ ರಾಜಿ ಬೇಡ.

ಈ ಭಾನುವಾರವೇ ಸಂಬಳದ ಸ್ಲಿಪ್ ಬಗ್ಗೆ ಒಂದು ವಿಡಿಯೋ ಮಾಡಿ. ಒಂದು ಸ್ಲಿಪ್ ಪ್ರಿಂಟ್ ತೆಗೆದು ಟೇಬಲ್ ಮೇಲಿಡಿ, ಫೋನನ್ನು ಮೇಲಿಂದ ನಿಲ್ಲಿಸಿ, ಪೆನ್ನಿನ ತುದಿಯಲ್ಲಿ ಒಂದೊಂದೇ ಸಾಲು ತೋರಿಸುತ್ತಾ ಹೇಳಿ. ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಅನ್‌ಲಿಸ್ಟೆಡ್ ಇಟ್ಟು, ಅಕೌಂಟ್ಸ್ ಗೊತ್ತಿಲ್ಲದ ಇಬ್ಬರಿಗೆ ಲಿಂಕ್ ಕಳಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲಿ ಅರ್ಥ ಆಗಲಿಲ್ಲ ಅಂತ ಕೇಳಿ. ಆ ಜಾಗಗಳನ್ನು ಮತ್ತೆ ರೆಕಾರ್ಡ್ ಮಾಡಿ, ಪಬ್ಲಿಕ್ ಮಾಡಿ. ಲಿಂಕ್ ಇಲ್ಲಿ ಹಾಕಿದರೆ ನಮ್ಮ ಶಿಫ್ಟ್‌ನವರಿಗೆಲ್ಲ ನಾನೇ ಕಳಿಸುತ್ತೇನೆ.