ಮೊದಲು ಪ್ರದರ್ಶನವೋ, ಮೊದಲು ಪೇಟೆಂಟೋ?

ಅಡಿಕೆಯನ್ನು ಆನ್‌ಲೈನ್‌ನಲ್ಲಿ ಹರಾಜು ಹಾಕುವ ಒಂದು ಹೊಸ ಪದ್ಧತಿ, ರೈಲು ಹಳಿಯ ಪಕ್ಕದ ಗುಡ್ಡ ಜರಿದರೆ ಎಚ್ಚರಿಸುವ ಒಂದು ಉಪಕರಣ. ಹಣ ಇರುವುದು ಒಂದಕ್ಕೆ ಮಾತ್ರ, ಆದ್ದರಿಂದ ಎರಡನ್ನೂ ಮೇಳದಲ್ಲಿಟ್ಟು ಜನ ಮೆಚ್ಚಿದ್ದಕ್ಕೆ ಪೇಟೆಂಟ್ ಮಾಡಿಸಲೇ ಎಂದು ಕೇಳಿದ್ದೀರಿ. ಬೇಡ. ನಾನು ಮಾಡಿದ್ದು ಅದನ್ನೇ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವನು, ಕುಂಬಳೆಯಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟಿದ್ದೇನೆ. 2004ರ ಜೂನ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರಾಯಗಡ ಜಿಲ್ಲೆಯಲ್ಲಿ ಹಳಿಗೆ ಉರುಳಿದ್ದ ಬಂಡೆಗಳಿಗೆ ಬಡಿದು ಸೇತುವೆಯ ಬಳಿ ಹಳಿ ತಪ್ಪಿತು. ನಮ್ಮ ಮನೆಯವರು ಮುಂಬೈಗೆ ಹೋಗಿ ಬರುತ್ತಿದ್ದುದು ಅದೇ ಗಾಡಿಯಲ್ಲಿ. ಆ ಸುದ್ದಿ ನನ್ನನ್ನು ಬಿಡಲೇ ಇಲ್ಲ.

ನಾನೂ ಗುಡ್ಡ ಜರಿದರೆ ಎಚ್ಚರಿಸುವ ಒಂದು ಉಪಕರಣ ಮಾಡಿದೆ. ಬರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ, ಬುಡದಲ್ಲಿ ಕಂಬಗಳ ಸಾಲು, ಪ್ರತಿ ಕಂಬಕ್ಕೂ ವಾಲಿದ್ದನ್ನು ತಿಳಿಸುವ ಸೆನ್ಸರ್. ದನ ಮೈ ಉಜ್ಜಿದರೆ, ಮಂಗ ಹಾರಿದರೆ ಒಂದು ಕಂಬ ಅಲುಗಿ ಮತ್ತೆ ನೆಟ್ಟಗಾಗುತ್ತದೆ. ಮಣ್ಣು ಜರಿದರೆ ಅಕ್ಕಪಕ್ಕದ ಎರಡು ಕಂಬ ಒಂದೇ ಕಡೆಗೆ ವಾಲಿ ಹಾಗೆಯೇ ನಿಲ್ಲುತ್ತವೆ. ಈ ವ್ಯತ್ಯಾಸವನ್ನು ಹಿಡಿದು ಸುಳ್ಳು ಎಚ್ಚರಿಕೆ ತಪ್ಪಿಸುವುದೇ ನನ್ನ ಹೊಸತನ. ಮೂರು ಮಳೆಗಾಲ ನಮ್ಮ ತೋಟದ ಬರೆಯಲ್ಲೇ ಪರೀಕ್ಷಿಸಿದೆ.

ಆಮೇಲೆ ಒಂದು ಶಾಲೆಯ ವಿಜ್ಞಾನ ಮೇಳದಲ್ಲಿ ಇಟ್ಟೆ. ಪತ್ರಿಕೆಯವರು ಬಂದರು, ನಾನೇ ಪೆನ್ಸಿಲ್ ಹಿಡಿದು ಸರ್ಕ್ಯೂಟ್ ಬಿಡಿಸಿಕೊಟ್ಟೆ. ಚಿತ್ರದ ಸಮೇತ ಅಚ್ಚಾಯಿತು. ಐದು ತಿಂಗಳ ಬಳಿಕ ಅರ್ಜಿ ಹಾಕಿದೆ. ಮೇಳದಲ್ಲಿ ತೋರಿಸಿದರೆ 12 ತಿಂಗಳ ಅವಕಾಶವಿದೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದೆ. ಆ ಅವಕಾಶ ಪೇಟೆಂಟ್ ಕಾಯ್ದೆಯ 31ನೇ ಕಲಮಿನಲ್ಲಿ ಇರುವುದು ನಿಜ. ಆದರೆ ಅದು ಕೇಂದ್ರ ಸರಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ, ಮತ್ತೆ ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧಕ್ಕೆ. ಶಾಲೆಯ ಮೇಳಕ್ಕೆ ಅಲ್ಲ. ನನ್ನಿಂದ ಕದ್ದು, ನನ್ನ ಒಪ್ಪಿಗೆ ಇಲ್ಲದೆ ಅಚ್ಚು ಹಾಕಿದ್ದರೆ 29ನೇ ಕಲಮು ಕಾಯುತ್ತಿತ್ತು. ನಾನು ಕೈಯಾರೆ ಬಿಡಿಸಿ ಕೊಟ್ಟಿದ್ದೆನಲ್ಲ! ಪರಿಶೀಲನೆಗೆಂದು ಸರಕಾರಕ್ಕೆ ತಿಳಿಸಿದ್ದರೂ 30ನೇ ಕಲಮಿನಂತೆ ಹೊಸತನ ಉಳಿಯುತ್ತಿತ್ತು. ಎಲ್ಲ ಬಿಟ್ಟು ಪತ್ರಿಕೆಗೆ ಕೊಟ್ಟೆ. ಅರ್ಜಿ ಪ್ರಕಟವಾದ ಮೇಲೆ ಆಕ್ಷೇಪ ಬಂತು. ಅದಕ್ಕೆ ಲಗತ್ತಿಸಿದ್ದು ನನ್ನ ಚಿತ್ರವಿದ್ದ ಅದೇ ಪುಟ. ಅರ್ಜಿಗೆ ಮೊದಲೇ ಬಹಿರಂಗವಾದದ್ದು ಹೊಸತಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಆ ಕಾಗದ ಕೈಗೆ ಬಂದ ದಿನ ಅಂಗಡಿ ತೆರೆಯಲಿಲ್ಲ.

ಹಣ ಒಂದಕ್ಕೇ ಸಾಲುವುದು ಎಂಬ ನಿಮ್ಮ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ತಾತ್ಕಾಲಿಕ ವಿವರಣೆಯೊಂದಿಗೆ (ಆವಿಷ್ಕಾರ ಏನೆಂದು ತಿಳಿಸುವ ಮೊದಲ ಬರಹ) ಅರ್ಜಿ ಹಾಕಲು ಶುಲ್ಕ 1600 ರೂಪಾಯಿ. ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ಪೇಟೆಂಟ್ ಏಜೆಂಟರ ಸಂಭಾವನೆ ಬೇರೆ, ಆದರೆ ಮೊದಲ ಅರ್ಜಿಯನ್ನು ನೀವೇ ಹಾಕಬಹುದು. ನಮ್ಮ ಕಾಸರಗೋಡು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ.

ಹರಾಜಿನ ಪದ್ಧತಿಗೆ ಮಾತ್ರ ಒಂದು ರೂಪಾಯಿಯೂ ಬೇಡ. ಅಡಿಕೆಯನ್ನು ಚಾಲಿ, ಪಟೋರ, ಕರಿಗೋಟು ಎಂಬ ದರ್ಜೆಗಳಾಗಿ ವಿಂಗಡಿಸಿ ಬಿಡ್ ಕೂಗಿಸುವ ಕ್ರಮ ಎಷ್ಟೇ ಹೊಸದಾದರೂ ಅದು ವ್ಯವಹಾರದ ವಿಧಾನ. 3(ಕೆ) ಕಲಮು ಅದನ್ನು ಆವಿಷ್ಕಾರವೆಂದೇ ಎಣಿಸುವುದಿಲ್ಲ. ನೀವು ಬರೆದ ಪ್ರೋಗ್ರಾಮಿಗೆ ಕೃತಿಸ್ವಾಮ್ಯ ತಾನಾಗಿ ಇದೆ. ಅದನ್ನು ಬೇಗ ಬಳಕೆಗೆ ತನ್ನಿ. ಕೇರಳದಲ್ಲಿ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆಯೇ ಇಲ್ಲ, ಬೆಳೆಗಾರ ಇಂದಿಗೂ ವ್ಯಾಪಾರಿ ಅಡಿಕೆ ಸೀಳಿ ಹೇಳಿದ ದರಕ್ಕೆ ತಲೆಯಾಡಿಸುತ್ತಾನೆ. ನನ್ನ ಅಪ್ಪನೂ ಹಾಗೆಯೇ ಮಾರಿದವರು.

ಗುಡ್ಡದ ಉಪಕರಣಕ್ಕೆ ಈ ವಾರವೇ ಅರ್ಜಿ ಹಾಕಿ. ಪೇಟೆಂಟ್ ಸಿಕ್ಕಿದ ಮಾತ್ರಕ್ಕೆ ಅದು ಹಳಿಯ ಬದಿಗೆ ಬರುವುದಿಲ್ಲ. ರೈಲ್ವೆಯ ಸಂಶೋಧನಾ ಸಂಸ್ಥೆಯಾದ ಲಖನೌದ ಆರ್‌ಡಿಎಸ್‌ಒ ಪರೀಕ್ಷೆಗಳು ವರ್ಷಗಟ್ಟಲೆ ಹಿಡಿಯಬಹುದು. ಆದ್ದರಿಂದ ತಾತ್ಕಾಲಿಕ ವಿವರಣೆಯೆಂದು ಎರಡು ಸಾಲು ಗೀಚಬೇಡಿ. ನನ್ನದರಲ್ಲಾದರೆ ಕಂಬಗಳ ಅಂತರ, ವಾಲುವ ಕೋನ, ಎಷ್ಟು ಹೊತ್ತು ವಾಲಿದರೆ ಎಚ್ಚರಿಕೆ ಎಂಬುದು; ಹಾಗೆಯೇ ನಿಮ್ಮದರ ವಿವರವನ್ನೆಲ್ಲ ಬರೆಯಿರಿ. ಅಲ್ಲಿ ಬರೆಯದೆ ಮೇಳದಲ್ಲಿ ತೋರಿಸಿದ ಭಾಗಕ್ಕೆ ಮೊದಲ ಅರ್ಜಿಯ ತಾರೀಖು ಸಿಗುವುದಿಲ್ಲ.