ಜಾಕೆಟ್ಟಿನ ಜಿಪ್ ಮತ್ತು ನನ್ನ ತಪ್ಪು ಟಿಪ್ಪಣಿ

ಗಾಯದ ಕಲೆಯ ಚಿಂತೆ ಹೊತ್ತು ನನ್ನ ಹತ್ತಿರ ಆಪ್ತಸಲಹೆಗೆ ಬರುವವರು ಹೊಸಬರಲ್ಲ, ಬಹುತೇಕರು ಬರೋದು ಮನೆಯಲ್ಲಿ ಮದುವೆ ಮಾತು ಶುರುವಾದ ಮೇಲೆ. ಈ ಹುಡುಗನ ಕೇಸು ಬರೆಯುತ್ತಿರೋದು ಯಾಕಂದ್ರೆ ಇಲ್ಲಿ ಎಡವಿದ್ದು ನಾನು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

27 ವರ್ಷ, ಮಡಿಕೇರಿ ಕಡೆ ಒಂದು ಹೋಂಸ್ಟೇನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಕರಿಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದಿದ್ದ. ಕುತ್ತಿಗೆಯಿಂದ ಭುಜದವರೆಗೆ ಸೀಳಿತ್ತು. ಹೊಲಿಗೆ ಒಣಗಿತು, ಆದರೆ ಕಲೆ ಉಬ್ಬುತ್ತಾ ಗಾಯದ ಅಂಚನ್ನೂ ದಾಟಿ ಬೆಳೆಯಿತು. ಹಾಗೆ ಅಂಚು ದಾಟಿದರೆ ಅದು ಕೀಲಾಯ್ಡ್. ಹುತ್ತರಿ ಮುಗಿದ ಮೇಲೆ ಅಮ್ಮನೇ ಕರೆದುಕೊಂಡು ಬಂದರು. ಮೇ ತಿಂಗಳಲ್ಲಿ ಮದುವೆ ಮಾಡಬೇಕು, ಊರಾಚೆಯ ಒಂದು ಕ್ಲಿನಿಕ್‌ನಲ್ಲಿ ಕತ್ತರಿಸಿ ಲೇಸರ್ ಹೊಡೆದರೆ ಪೂರ್ತಿ ಹೋಗುತ್ತೆ ಅಂದಿದ್ದಾರಂತೆ, ಇವನು ಮಾತ್ರ ಒಪ್ಪುತ್ತಿಲ್ಲ, ನೀವು ಸ್ವಲ್ಪ ಬುದ್ಧಿ ಹೇಳಿ ಮೇಡಂ ಅಂದರು.

ಮೊದಲ ಎರಡು ಸಲ ಅವನು ಜಾಕೆಟ್ಟಿನ ಜಿಪ್ ಮೇಲೆ ಕೆಳಗೆ ಎಳೆಯುತ್ತಲೇ ಕೂತಿದ್ದ. ಕಾಲರನ್ನು ಉಗುರಿನ ಹಿಂಬದಿಯಿಂದ ಮೆಲ್ಲಗೆ ಉಜ್ಜುತ್ತಿದ್ದ. ನಾನು ಪುಸ್ತಕದಲ್ಲಿ ಬರೆದುಕೊಂಡೆ: 'ನಾಚಿಕೆ, ಮುಚ್ಚಿಕೊಳ್ಳುವ ಅಭ್ಯಾಸ.' ನಮ್ಮನ್ನು ನಾವು ಇದ್ದ ಹಾಗೆ ಒಪ್ಪಿಕೊಳ್ಳೋದರ ಬಗ್ಗೆ ಚೆನ್ನಾಗಿಯೇ ಮಾತಾಡಿದೆ. ಅವನು ಹೂಂ ಅಂತಿದ್ದ, ಪಾಪ.

ಮೂರನೇ ಸಲ ಅಮ್ಮ ಹೊರಗಿದ್ದರು. ಜನ ನೋಡಿದಾಗ ಏನನಿಸುತ್ತೆ ಅಂತ ಮತ್ತೆ ಅದನ್ನೇ ಕೇಳಿದೆ.

"ಜನ ನೋಡ್ಲಿ ಮೇಡಂ, ಅದಲ್ಲ. ರಾತ್ರಿ ತುರಿಕೆ ತಡೆಯೋಕಾಗಲ್ಲ. ಶರ್ಟಿನ ಹೊಲಿಗೆ ತಾಗಿದ್ರೂ ಉರಿಯುತ್ತೆ. ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ಎಲ್ಲರೂ ಹೇಗೆ ಕಾಣುತ್ತೆ ಅಂತಲೇ ಕೇಳ್ತೀರಿ."

'ಕೇಳ್ತೀರಿ' ಅಂದನಲ್ಲ, ಅದರಲ್ಲಿ ನಾನೂ ಇದ್ದೆ. ಕೀಲಾಯ್ಡ್‌ಗೆ ತುರಿಕೆ, ನೋವು ಮಾಮೂಲಿ. ನಾನು ನಾಚಿಕೆ ಅಂದುಕೊಂಡದ್ದು ತುರಿಕೆ! ಮೆಡಿಕಲ್ ಶಾಪಿನವರು ಕೊಟ್ಟ ಸ್ಟೆರಾಯ್ಡ್ ಕ್ರೀಮನ್ನು ಯಾರನ್ನೂ ಕೇಳದೆ ತಿಂಗಳುಗಟ್ಟಲೆ ಹಚ್ಚಿ, ಸುತ್ತಲ ಒಳ್ಳೆ ಚರ್ಮವೂ ತೆಳುವಾಗಿ ಬಿಳಿಚಿಕೊಂಡಿತ್ತು. ಅದೂ ಅವತ್ತೇ ಗೊತ್ತಾಗಿದ್ದು.

ನಾನು ಹೇಳಿದ್ದು ಇಷ್ಟು. ಚರ್ಮದ ಡಾಕ್ಟರ ಹತ್ತಿರ ಹೋಗು, ಮದುವೆ ಸುದ್ದಿ ತೆಗೆಯಬೇಡ, ಮೊದಲು ತುರಿಕೆ ಹೇಳು, ಕ್ರೀಮಿನ ಟ್ಯೂಬನ್ನೂ ತಗೊಂಡು ಹೋಗು. ಆಪ್ತಸಲಹೆ ಕೇಳಿ ಬಂದವನನ್ನು ಡಾಕ್ಟರ ಹತ್ತಿರ ಸಾಗಹಾಕಿದಿರಾ ಅಂತ ಗೆಳತಿಯೊಬ್ಬಳು ಕೇಳಿದಳು. ಹೌದು, ಸಾಗಹಾಕಿದೆ. ಔಷಧಿ ಇರುವ ನೋವಿಗೆ ಧೈರ್ಯ ಹೇಳುತ್ತಾ ಕೂರೋದು ನನಗೆ ಮೋಸ ಅನಿಸುತ್ತೆ.

ಅಮ್ಮನಿಗೆ ಬಿಡಿಸಿ ಹೇಳಬೇಕಾಯ್ತು. ಕೀಲಾಯ್ಡನ್ನು ಬರೀ ಕತ್ತರಿಸಿ ಬಿಟ್ಟರೆ ತಿರುಗಿ ಬರೋದೇ ಜಾಸ್ತಿ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ನಮ್ಮಂಥ ಬಣ್ಣದ ಚರ್ಮಕ್ಕೆ ಲೇಸರ್ ಹೆಚ್ಚಾದರೆ ಅದೇ ಕಪ್ಪು ಕಲೆ ಉಳಿಸಬಹುದು. ಸಾಮಾನ್ಯವಾಗಿ ಶುರು ಮಾಡೋದು ಕಲೆಯೊಳಗೇ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್‌ನಿಂದ, 4ರಿಂದ 6 ವಾರಕ್ಕೊಂದು, ಹಲವು ಸಲ. ಜೊತೆಗೆ ಸಿಲಿಕೋನ್ ಪಟ್ಟಿ, ದಿನಕ್ಕೆ 12 ಗಂಟೆಗಿಂತ ಜಾಸ್ತಿ, ತಿಂಗಳುಗಟ್ಟಲೆ. ಕಲೆ ಚಪ್ಪಟೆಯಾಗಬಹುದು, ಮೆತ್ತಗಾಗಬಹುದು. ಅಳಿಸಿ ಹೋಗಲ್ಲ. "ಹಾಗಾದ್ರೆ ಮೇ ತಿಂಗಳಿಗೆ?" ಅಂದರು. ಮುಹೂರ್ತ ನೋಡಿ ಚರ್ಮ ವಾಸಿಯಾಗಲ್ಲಮ್ಮ ಅಂದೆ, ಸ್ವಲ್ಪ ಒರಟಾಗಿಯೇ.

ಮೂರನೇ ಇಂಜೆಕ್ಷನ್ ಆದ ಮೇಲೆ ಅವನೇ ಫೋನ್ ಮಾಡಿದ್ದ. ಸೂಜಿ ಜೀವ ಹೋಗುವಷ್ಟು ನೋವು, ಕಲೆ ಸ್ವಲ್ಪ ತಗ್ಗಿದೆ ಅಷ್ಟೇ, ಆದರೆ ನಿದ್ದೆ ಬರ್ತಿದೆ ಅಂದ. ಮದುವೆ ಮಾತು ಮುಂದಕ್ಕೆ ಹೋಗಿದೆ, ಅಮ್ಮನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಜೂನ್ ಕೊನೆಗೆ ಬಂದಾಗ ಜಾಕೆಟ್ ಕುತ್ತಿಗೆವರೆಗೂ ಏರಿಸಿದ್ದ. ಹೊರಗೆ ಮಳೆ ಸುರಿಯುತ್ತಿತ್ತು. ಈ ಸಲ ಏನೂ ಬರೆದುಕೊಳ್ಳದೆ, ತುರಿಕೆ ಹೇಗಿದೆ ಅಂತ ಕೇಳಿದೆ.