ಸೆವೆನ್ಸ್ ರಗ್ಬಿಯಲ್ಲಿ ಸಮ ಸಂಬಳ: ಮಗಳನ್ನು ಕಳಿಸುವ ಮುನ್ನ

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ. ಹೈಸ್ಕೂಲಿನಿಂದಲೂ ಕಬಡ್ಡಿ ಆಡುತ್ತಾಳೆ, 200 ಮೀಟರ್ ಓಟದಲ್ಲಿಯೂ ಬಹುಮಾನ ತಂದಿದ್ದಾಳೆ. ಅವಳ ಓಟ ನೋಡಿದ ತರಬೇತುದಾರರೊಬ್ಬರು ರಗ್ಬಿ ಸೆವೆನ್ಸ್‌ಗೆ ಬರುವಂತೆ ಹೇಳಿದ್ದಾರೆ. ಈ ಆಟದಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಂಬಳ ಒಂದೇ ಎಂದೂ ಅವರು ಹೇಳಿದರು. ಇದು ನಿಜವೇ? ಓದು ಬಿಡಿಸಿ ಕಳಿಸಬಹುದೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಆಟಕ್ಕೆ ಖಂಡಿತ ಕಳಿಸಿ, ಆದರೆ ಓದು ಬಿಡಿಸಬೇಡಿ. ಸಂಬಳ ಸಮ ಎಂಬ ಮಾತು ಕೆಲವು ದೇಶಗಳ ಮಟ್ಟಿಗೆ ನಿಜ. ಅದು ಯಾವ ಕಾರಣಕ್ಕೆ ಸಮವಾಯಿತು ಎಂಬುದನ್ನು ತಿಳಿದುಕೊಂಡರೆ ನಾನು ಹೀಗೇಕೆ ಹೇಳುತ್ತಿದ್ದೇನೆ ಎಂಬುದು ನಿಮಗೆ ಸ್ಪಷ್ಟವಾಗುತ್ತದೆ.

ಸೆವೆನ್ಸ್ ಎಂದರೆ ಒಂದೊಂದು ತಂಡದಲ್ಲಿ ಏಳು ಜನ, ಏಳೇಳು ನಿಮಿಷಗಳ ಎರಡು ಅವಧಿ. ಆದರೆ ಮೈದಾನ ಮಾತ್ರ ಹದಿನೈದು ಜನರ ರಗ್ಬಿಯಷ್ಟೇ ದೊಡ್ಡದು. 2009ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಈ ಆಟವನ್ನು 2016ರ ರಿಯೊ ಕೂಟಕ್ಕೆ ಸೇರಿಸಿಕೊಂಡಿತು, ಅದೂ ಪುರುಷರ ಮತ್ತು ಮಹಿಳೆಯರ ವಿಭಾಗಗಳೆರಡನ್ನೂ ಒಟ್ಟಿಗೇ. ಹದಿನೈದು ಜನರ ರಗ್ಬಿಯಲ್ಲಿ ದುಡ್ಡು ಬರುವುದು ಟಿಕೆಟ್, ಟಿ.ವಿ. ಮತ್ತು ಕ್ಲಬ್‌ಗಳಿಂದ, ಅಲ್ಲಿ ಹಳೆಯ ಕಾಲದಿಂದಲೂ ಗಂಡಸರದ್ದೇ ಪಾರುಪತ್ಯ. ಸೆವೆನ್ಸ್‌ಗೆ ಬಂದ ಹೊಸ ದುಡ್ಡಿನ ದೊಡ್ಡ ಪಾಲು ಒಲಿಂಪಿಕ್ ಪದಕದ ಆಸೆಯಿಂದ ಬಂದದ್ದು. ಪದಕ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಚಿನ್ನಕ್ಕೂ ಗಂಡುಮಕ್ಕಳ ಚಿನ್ನಕ್ಕೂ ಬೆಲೆ ಒಂದೇ. ಹೀಗಾಗಿ ರಗ್ಬಿ ಆಡುವ ಹೆಣ್ಣುಮಕ್ಕಳ ಕೈಗೆ ಪೂರ್ಣಾವಧಿ ಸಂಬಳದ ಒಪ್ಪಂದಗಳು ಮೊದಲು ಬಂದದ್ದು ಸೆವೆನ್ಸ್‌ನಲ್ಲಿ. ನ್ಯೂಜಿಲೆಂಡಿನ ಮಹಿಳೆಯರ ಹದಿನೈದು ಜನರ ತಂಡವು 2017ರ ಹೊತ್ತಿಗೆ ಐದು ಬಾರಿ ವಿಶ್ವಕಪ್ ಗೆದ್ದಿತ್ತು. ಆದರೂ ಆ ಆಟಗಾರ್ತಿಯರಿಗೆ ಸಂಬಳದ ಒಪ್ಪಂದ ಸಿಕ್ಕಿದ್ದು 2018ರಲ್ಲಿ. ಅದೇ ದೇಶದ ಸೆವೆನ್ಸ್ ಆಟಗಾರ್ತಿಯರು ಅದಕ್ಕೂ ವರ್ಷಗಳ ಮೊದಲೇ ಸಂಬಳ ಪಡೆಯುತ್ತಿದ್ದರು.

2018ರಲ್ಲಿಯೇ ಆಸ್ಟ್ರೇಲಿಯಾದ ರಗ್ಬಿ ಸಂಸ್ಥೆಯು ಆಟಗಾರರ ಸಂಘದೊಂದಿಗೆ ಮಾಡಿಕೊಂಡ ಸಾಮೂಹಿಕ ಒಪ್ಪಂದದಲ್ಲಿ, ಪೂರ್ಣಾವಧಿ ಸೆವೆನ್ಸ್ ಆಟಗಾರ್ತಿಯರ ಆರಂಭಿಕ ಸಂಬಳವನ್ನು ಪುರುಷರ ಆರಂಭಿಕ ಸಂಬಳಕ್ಕೆ ಸಮಮಾಡಿ, ಗರ್ಭಿಣಿಯಾದ ಆಟಗಾರ್ತಿಯ ಹಿತರಕ್ಷಣೆಯ ನಿಯಮವನ್ನೂ ಸೇರಿಸಿತು. ಅಮೆರಿಕದಲ್ಲಿ 2021ರಲ್ಲಿ ಶುರುವಾದ ಪ್ರೀಮಿಯರ್ ರಗ್ಬಿ ಸೆವೆನ್ಸ್ ಲೀಗ್ ಮೊದಲ ದಿನದಿಂದಲೇ ಇಬ್ಬರಿಗೂ ಒಂದೇ ಸಂಭಾವನೆ ಎಂದು ಘೋಷಿಸಿತು. ನಿಮ್ಮ ತರಬೇತುದಾರರು ಇಂಥದ್ದನ್ನು ಓದಿಯೇ ಆ ಮಾತು ಹೇಳಿರಬೇಕು. ಅವರು ಸುಳ್ಳು ಹೇಳಿಲ್ಲ.

ಆದರೆ ‘ಆರಂಭಿಕ ಸಂಬಳ’ ಎಂಬ ಪದವನ್ನು ಗಮನವಿಟ್ಟು ಓದಬೇಕು. ಸಮವಾಗಿರುವುದು ಏಣಿಯ ಮೊದಲ ಮೆಟ್ಟಿಲು ಮಾತ್ರ. ಗಂಡುಮಕ್ಕಳಿಗೆ ಸೆವೆನ್ಸ್‌ನಾಚೆಗೆ ಇನ್ನೊಂದು ಏಣಿಯೇ ಇದೆ. ಫಿಜಿಯ ಪುರುಷರ ತಂಡ 2016ರ ಫೈನಲ್‌ನಲ್ಲಿ ಬ್ರಿಟನ್ನನ್ನು 43–7ರಿಂದ ಸೋಲಿಸಿ ತನ್ನ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ತಂದಿತು. ಮರುವರ್ಷ ಆ ದೇಶ ಗೆಲುವಿನ ನೆನಪಿಗೆ 7 ಡಾಲರಿನ ನೋಟನ್ನೇ ಮುದ್ರಿಸಿತು. ಆ ನೋಟಿನ ಹಿಂದಿನ ಬದುಕು ಬೇರೆ ಇತ್ತು. 2013ರಲ್ಲಿ ಆ ತಂಡಕ್ಕೆ ತರಬೇತುದಾರರಾಗಿ ಹೋದ ಬೆನ್ ರಯಾನ್ ಅವರಿಗೆ ಮೊದಲ ಕೆಲವು ತಿಂಗಳು ಸಂಬಳವೇ ಬಂದಿರಲಿಲ್ಲ. ಆಟಗಾರರಲ್ಲಿ ಪೊಲೀಸರು, ಜೈಲು ಸಿಬ್ಬಂದಿ, ಹೋಟೆಲ್ ಕೆಲಸದವರು ಇದ್ದರು. ಆದರೂ ಅವರಿಗೆ ಫ್ರಾನ್ಸಿನ ಕ್ಲಬ್‌ಗಳ ಬಾಗಿಲು ತೆರೆದಿತ್ತು. ಚಿನ್ನ ಗೆದ್ದವರಲ್ಲಿ ಒಬ್ಬರಾದ ಜೋಸುವಾ ಟುಯಿಸೋವಾ ಟೂಲಾನ್ ಕ್ಲಬ್‌ನಲ್ಲಿ ದುಡಿದರು. ಗಂಡಸರ ಪಾಲಿಗೆ ಸೆವೆನ್ಸ್ ಎಂಬುದು ದೊಡ್ಡ ಸಂತೆಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಅಂಥ ಸಂತೆ ಹೆಣ್ಣುಮಕ್ಕಳಿಗೆ ಇನ್ನೂ ಕೂಡಿಲ್ಲ. ಟೋಕಿಯೊದಲ್ಲಿ ಕಂಚು ಗೆದ್ದ ಫಿಜಿಯ ಆಟಗಾರ್ತಿಯರಿಗೆ ಅದೇ ಫ್ರಾನ್ಸಿನಲ್ಲಿ ಅಷ್ಟು ದೊಡ್ಡ ಮೊತ್ತದ ಕರೆಗಳು ಕಾದಿರಲಿಲ್ಲ.

ಇನ್ನೊಂದು ಅಪಾಯವನ್ನು ಇಂಗ್ಲೆಂಡಿನ ಕತೆ ಹೇಳುತ್ತದೆ. ಅದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಮಗಳಂಥವರು ತಿಳಿಯಬೇಕಾದದ್ದು ಇದು. 2017ರಲ್ಲಿ ಅಲ್ಲಿನ ರಗ್ಬಿ ಒಕ್ಕೂಟವು, ಆ ವರ್ಷದ ವಿಶ್ವಕಪ್ ಮುಗಿದ ಮೇಲೆ ಮಹಿಳೆಯರ ಹದಿನೈದು ಜನರ ತಂಡದ ಒಪ್ಪಂದಗಳನ್ನು ಮುಂದುವರಿಸದೆ ಸೆವೆನ್ಸ್ ಕಡೆಗೆ ಗಮನ ಕೊಡುವುದಾಗಿ ಹೇಳಿತು. ಟೀಕೆ ಎದ್ದಿತು. 2019ರ ಜನವರಿಯಲ್ಲಿ ಅದೇ ಒಕ್ಕೂಟ ಹದಿನೈದು ಜನರ ಆಟಕ್ಕೆ 28 ಆಟಗಾರ್ತಿಯರಿಗೆ ಪೂರ್ಣಾವಧಿ ಒಪ್ಪಂದ ಕೊಟ್ಟಿತು. 2020ರ ಆಗಸ್ಟಿನಲ್ಲಿ ಕೋವಿಡ್‌ನಿಂದ ಆದಾಯ ಕುಸಿದಾಗ, ಟೋಕಿಯೊ ಒಲಿಂಪಿಕ್ಸ್‌ಗೆ ಇನ್ನು ಒಂದೇ ವರ್ಷ ಇದೆ ಎನ್ನುವಾಗ, ಸೆವೆನ್ಸ್‌ನ ಪುರುಷರ ಮತ್ತು ಮಹಿಳೆಯರ ಒಪ್ಪಂದಗಳೆರಡನ್ನೂ ನಿಲ್ಲಿಸಿತು. ಕೆಲವು ತಿಂಗಳ ಬಳಿಕ ನ್ಯಾಷನಲ್ ಲಾಟರಿಯ ಪ್ರಾಯೋಜಕತ್ವದಲ್ಲಿ ಬ್ರಿಟನ್ ತಂಡ ಕಟ್ಟಿದ್ದರಿಂದ ಅವರು ಟೋಕಿಯೊ ತಲುಪಿದರು. ಮೂರು ವರ್ಷಗಳಲ್ಲಿ ಒಂದೇ ಆಟಗಾರ್ತಿಯ ಅನ್ನದ ಮೂಲ ಅತ್ತಿಂದಿತ್ತ ಎಷ್ಟು ಬಾರಿ ತಿರುಗಿತು ನೋಡಿ. ಒಪ್ಪಂದ ಕಡಿದಾಗ ಇಬ್ಬರಿಗೂ ಸಮವಾಗಿ ಕಡಿಯಿತು, ನಿಜ. ಆದರೆ ಕೆಲಸ ಹೋದ ಮೇಲೆ ಸಂಬಳ ಕೊಡುವ ಕ್ಲಬ್ ಹುಡುಕಿಕೊಳ್ಳುವುದು ಗಂಡಸರಿಗಿದ್ದಷ್ಟು ಹೆಂಗಸರಿಗೆ ಸುಲಭವಿರಲಿಲ್ಲ.

ಗಂಡಸರೂ ಕ್ಷೇಮವಾಗಿಲ್ಲ. 2025ರಲ್ಲಿ ಐರ್ಲೆಂಡ್ ತನ್ನ ಪುರುಷರ ಸೆವೆನ್ಸ್ ತಂಡವನ್ನು ನಿಲ್ಲಿಸಿತು. ವಿಶ್ವ ಸರಣಿಯ ಮೇಲಿನ ಹಂತದಲ್ಲಿ ಇಬ್ಬರಿಗೂ ಹನ್ನೆರಡು ಹನ್ನೆರಡು ಇದ್ದ ತಂಡಗಳನ್ನು 2025–26ರಿಂದ ಎಂಟೆಂಟಕ್ಕೆ ಇಳಿಸಲಾಯಿತು. 2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಪಟ್ಟಿಯಿಂದ ಸೆವೆನ್ಸ್ ಕೈಬಿಟ್ಟುಹೋಯಿತು. ಇನ್ನೊಂದು ಬದಿಯಲ್ಲಿ, 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಹೆಣ್ಣುಮಕ್ಕಳು ಆಸ್ಟ್ರೇಲಿಯಾ ವಿರುದ್ಧ ಕೊನೆಯ ಕ್ಷಣದ ಓಟದಲ್ಲಿ 14–12ರಿಂದ ಕಂಚು ಗೆದ್ದೊಡನೆ, ಉದ್ಯಮಿ ಮಿಶೆಲ್ ಕಾಂಗ್ ಆ ತಂಡಕ್ಕೆ ನಾಲ್ಕು ವರ್ಷಗಳಲ್ಲಿ 40 ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ನನಗೆ ಅಂದು ಬಹಳ ಸಂತೋಷವಾಯಿತು. ಆದರೆ ರಾಷ್ಟ್ರೀಯ ತಂಡದ ಬದುಕು ಒಬ್ಬರ ಔದಾರ್ಯವನ್ನು ನೆಚ್ಚಬೇಕಾದ ಸ್ಥಿತಿ ನೆಮ್ಮದಿ ತರುವಂಥದ್ದಲ್ಲ.

ಇನ್ನು ನಮ್ಮ ದೇಶ. ಇಲ್ಲಿ ರಗ್ಬಿ ಆಡುವವರ ತಿಂಗಳ ಸಂಬಳ ಸಾಮಾನ್ಯವಾಗಿ ರಗ್ಬಿಯಿಂದ ಬರುವುದಿಲ್ಲ, ನೌಕರಿಯಿಂದ ಬರುತ್ತದೆ. ಪುರುಷರಲ್ಲಿ ಸೇನೆಯವರು ಬಹಳ ಮಂದಿ ಇದ್ದಾರೆ, ಹೆಣ್ಣುಮಕ್ಕಳಲ್ಲಿ ವಿದ್ಯಾರ್ಥಿನಿಯರೇ ಹೆಚ್ಚು. ಒಡಿಶಾ ಸರ್ಕಾರ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿದ್ದು, ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಬುಡಕಟ್ಟು ಹೆಣ್ಣುಮಕ್ಕಳು ಆ ತಂಡಕ್ಕೆ ಬೆನ್ನೆಲುಬಾದದ್ದು, ಬಿಹಾರವು ಪದಕ ತಂದವರಿಗೆ ನೇರ ನೌಕರಿ ಕೊಡುವ ಯೋಜನೆಯಲ್ಲಿ ರಗ್ಬಿಯ ಹುಡುಗಿಯರನ್ನೂ ಸೇರಿಸಿದ್ದು – ಇವು ಮೂರೂ ನಮ್ಮಲ್ಲಿ ನಡೆದ ಒಳ್ಳೆಯ ಕೆಲಸಗಳು. ಅವುಗಳ ದಾರಿ ಹಾದುಹೋಗುವುದು ಓದು ಮತ್ತು ನೌಕರಿಗಳ ಮೂಲಕವೇ.

ಆದ್ದರಿಂದಲೇ ಡಿಗ್ರಿ ಬಿಡಿಸಬೇಡಿ ಎಂದೆ. ಕಾಲೇಜು ಬಿಟ್ಟ ದಿನವೇ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡುವ ಹಕ್ಕು ಹೋಗುತ್ತದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಆ ಕೂಟದ ಪ್ರಮಾಣಪತ್ರವು ನಮೂನೆ 3ರಲ್ಲಿ ಬೇಕು. ಅವಳ ಕಬಡ್ಡಿ ಮತ್ತು ಓಟದ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ಯಾವುದೇ ಇಲಾಖೆಯ ಕ್ರೀಡಾ ಕೋಟಾ ಅಧಿಸೂಚನೆ ಬಂದಾಗ ಆಟಗಳ ಪಟ್ಟಿಯಲ್ಲಿ ‘ರಗ್ಬಿ’ ಎಂಬ ಪದ ಇದೆಯೇ ಎಂದು ಮೊದಲು ನೋಡಿ; ಇಲ್ಲದಿದ್ದರೆ ಹಳೆಯ ಆಟದ ಪತ್ರವೇ ಅವಳ ಕೈ ಹಿಡಿಯಬೇಕಾಗುತ್ತದೆ.

ಪ್ರಶ್ನೆ: 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ತಂಡವೂ ಇತ್ತು. ಹರಾಜಿನಲ್ಲಿ ಭಾರತೀಯರಿಗೆ ಒಳ್ಳೆಯ ದುಡ್ಡು ಸಿಕ್ಕಿತೆಂದು ಓದಿದೆ. ಹಾಗಾದರೆ ನಮ್ಮಲ್ಲಿಯೂ ಇದು ವೃತ್ತಿಯಾಯಿತು ಎನ್ನಬಹುದಲ್ಲವೇ?
– ಕ್ಲಬ್ ಆಟಗಾರ, ಬೆಂಗಳೂರು

ಉತ್ತರ: ಆ ಲೀಗ್ ಒಂದು ದೊಡ್ಡ ಹೆಜ್ಜೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದಾಗಿತ್ತು. ಹದಿಮೂರು ಜನರ ಒಂದೊಂದು ತಂಡದಲ್ಲಿ ಐವರು ಭಾರತೀಯರಿಗೆ ಜಾಗವಿತ್ತು. ಲೆಕ್ಕ ಹಾಕಿದರೆ ಇಡೀ ದೇಶಕ್ಕೆ ಮೂವತ್ತು ಜಾಗ, ಜೂನ್ ತಿಂಗಳ ಸುಮಾರು ಎರಡು ವಾರಗಳ ಆಟ. ಒಲಿಂಪಿಕ್ ಪದಕ ಗೆದ್ದವರ ಪಕ್ಕದಲ್ಲಿ ನಿಂತು ಆಡಿದ ಅನುಭವಕ್ಕೆ ಬೆಲೆ ಕಟ್ಟಲಾಗದು. ಆದರೆ ಹರಾಜಿನ ಮೊತ್ತ ಎನ್ನುವುದು ಒಂದು ಋತುವಿನ ಸಂಭಾವನೆ. ಉಳಿದ ಹನ್ನೊಂದು ತಿಂಗಳು ಆ ಹುಡುಗರು ತಮ್ಮ ರೆಜಿಮೆಂಟಿಗೋ ಕಚೇರಿಗೋ ಮರಳಬೇಕು.

ನೀವು ಕೇಳದ ಒಂದು ಸಂಗತಿಯನ್ನು ನಾನಾಗಿಯೇ ಎತ್ತುತ್ತೇನೆ. ಆ ಮೊದಲ ಆವೃತ್ತಿ ಪುರುಷರದ್ದು ಮಾತ್ರ. ಸಮಾನತೆಯಿಂದಲೇ ಹೆಸರು ಮಾಡಿದ ಆಟ ನಮ್ಮಲ್ಲಿ ಮಾರುಕಟ್ಟೆಗೆ ಕಾಲಿಟ್ಟಾಗ ಹೆಣ್ಣುಮಕ್ಕಳು ಹೊರಗುಳಿದರು ಎಂಬುದು ನನಗೆ ನೋವಿನ ವಿಷಯ. ಏಷ್ಯಾ ಮಟ್ಟದ ಕೂಟಗಳಲ್ಲಿ ಭಾರತಕ್ಕೆ ಪದಕ ತಂದವರು ಅವರೇ ಅಲ್ಲವೇ? ಅಮೆರಿಕದ ಲೀಗ್‌ನಂತೆ ಒಂದೇ ದಿನ, ಒಂದೇ ಮೈದಾನದಲ್ಲಿ ಇಬ್ಬರ ಪಂದ್ಯಗಳನ್ನೂ ಆಡಿಸಲು ಹದಿನೈದು–ಇಪ್ಪತ್ತು ನಿಮಿಷಗಳಲ್ಲಿ ಮುಗಿಯುವ ಈ ಆಟಕ್ಕಿಂತ ಅನುಕೂಲವಾದದ್ದು ಬೇರೊಂದಿಲ್ಲ. ನೋಡುವವರು ಎದ್ದು ಹೋಗುವ ಮೊದಲೇ ಮುಂದಿನ ಪಂದ್ಯ ಶುರುವಾಗಿರುತ್ತದೆ.

ಪ್ರಶ್ನೆ: ಬೇರೆ ಆಟದಿಂದ ಬಂದವರನ್ನು ನೇರವಾಗಿ ತಂಡಕ್ಕೆ ತೆಗೆದುಕೊಂಡರೆ ಚಿಕ್ಕಂದಿನಿಂದ ಆಡಿದವರಿಗೆ ಅನ್ಯಾಯವಲ್ಲವೇ? ಆಯ್ಕೆಯಲ್ಲಿ ಏನು ನೋಡುತ್ತಾರೆ?
– ದೈಹಿಕ ಶಿಕ್ಷಣ ಶಿಕ್ಷಕಿ, ಶಿವಮೊಗ್ಗ

ಉತ್ತರ: ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ರಗ್ಬಿ ಕಲಿಸದ ಕಡೆ ಬೇರೆ ದಾರಿ ಇರಲಿಲ್ಲ. ನ್ಯೂಜಿಲೆಂಡ್ 2012ರಲ್ಲಿ ದೇಶವಿಡೀ ಬಹಿರಂಗ ಟ್ರಯಲ್ಸ್ ನಡೆಸಿ ಬೇರೆ ಆಟಗಳ ಹುಡುಗಿಯರನ್ನು ಕರೆಯಿತು. ನೆಟ್‌ಬಾಲ್ ಆಡುತ್ತಿದ್ದ ಪೋರ್ಷಿಯಾ ವುಡ್‌ಮನ್ ಹಾಗೆ ಬಂದವರು, ಮುಂದೆ ಟೋಕಿಯೊ ಮತ್ತು ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ತಂಡದ ಆಧಾರವಾದರು. ರಿಯೊದಲ್ಲಿ ಚಿನ್ನ ಗೆದ್ದ ಆಸ್ಟ್ರೇಲಿಯಾದ ಷಾರ್ಲಟ್ ಕ್ಯಾಸ್ಲಿಕ್ ಟಚ್ ಫುಟ್‌ಬಾಲ್‌ನಿಂದ, ಕ್ಲೋಯಿ ಡಾಲ್ಟನ್ ಬಾಸ್ಕೆಟ್‌ಬಾಲ್‌ನಿಂದ ಬಂದವರು. ಪುರುಷರಲ್ಲಿಯೂ ಅಮೆರಿಕದ ಕಾರ್ಲಿನ್ ಐಲ್ಸ್ ವೇಗದ ಓಟಗಾರರಾಗಿದ್ದವರು.

ಟ್ರಯಲ್ಸ್‌ನಲ್ಲಿ ಸಾಮಾನ್ಯವಾಗಿ 40 ಮೀಟರ್ ಓಟದ ಸಮಯ ಅಳೆಯುತ್ತಾರೆ. ಆಮೇಲೆ ‘ಬ್ರಾಂಕೊ’ ಎಂಬ ಪರೀಕ್ಷೆ: 20 ಮೀಟರ್ ಹೋಗಿ ಬರಬೇಕು, 40 ಹೋಗಿ ಬರಬೇಕು, 60 ಹೋಗಿ ಬರಬೇಕು, ಹೀಗೆ ಐದು ಸುತ್ತು, ಒಟ್ಟು 1200 ಮೀಟರ್, ನಡುವೆ ನಿಲ್ಲುವಂತಿಲ್ಲ. ಓಟದಲ್ಲಿ ಗೆದ್ದ ಹುಡುಗಿಯರು ಮೂರನೇ ಸುತ್ತಿನ ತಿರುವಿನಲ್ಲಿ ಮೊಣಕಾಲಿನ ಮೇಲೆ ಕೈಯಿಟ್ಟು ಬಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಂದೇ ದಿನ ಎರಡು ಮೂರು ಪಂದ್ಯ ಆಡಬೇಕಾದ ಆಟವಾದ್ದರಿಂದ ಆ ನಾಲ್ಕನೇ, ಐದನೇ ಸುತ್ತನ್ನೇ ಆಯ್ಕೆದಾರರು ನೋಡುವುದು.

ನಮ್ಮ ಕಬಡ್ಡಿ ಹುಡುಗಿಯರಿಗೆ ಒಂದು ಅನುಕೂಲ ಹುಟ್ಟಿನಿಂದಲೇ ಬಂದಂತಿದೆ: ಮೈಮೇಲೆ ಬೀಳಲು ಹೆದರಿಕೆ ಇಲ್ಲ, ತೊಡೆಗೆ ಕೈ ಹಾಕುವ ಸಮಯಜ್ಞಾನ ಇದೆ. ಆದರೆ ರೈಡರ್‌ಳ ಎದುರಿಗೆ ತಲೆ ತೂರಿಸುವ ಅಭ್ಯಾಸವನ್ನು ರಗ್ಬಿಗೆ ತಂದರೆ ಅಪಾಯ. ಟ್ಯಾಕಲ್ ಮಾಡುವಾಗ ಭುಜ ಎದುರಾಳಿಯ ತೊಡೆಗೆ ತಾಗಿ, ತಲೆ ಅವಳ ಪಕ್ಕಕ್ಕೆ ಅಥವಾ ಹಿಂದಕ್ಕೆ ಇರಬೇಕು. ಓಡಿ ಬರುವ ಮಂಡಿಯ ದಾರಿಯಲ್ಲಿ ತಲೆ ಇರಬಾರದು. ನಿಮ್ಮ ಶಾಲೆಯಲ್ಲಿ ಶುರು ಮಾಡುವುದಾದರೆ ಮೊದಲ ತಿಂಗಳು ಮಂಡಿಯೂರಿ ಕುಳಿತು, ಮೆತ್ತನೆಯ ಹುಲ್ಲಿನ ಮೇಲೆ, ನಿಧಾನಕ್ಕೆ ಇದೊಂದನ್ನೇ ಕಲಿಸಿ. ಚೆಂಡನ್ನು ಹಿಂದಕ್ಕೆ ಮಾತ್ರ ಕೊಡಬೇಕೆಂಬ ನಿಯಮಕ್ಕೆ ಅವರು ವಾರದೊಳಗೆ ಒಗ್ಗಿಕೊಳ್ಳುತ್ತಾರೆ.

ಆಯ್ಕೆಯಾದ ಹುಡುಗಿಯ ಮುಂದೆ ಯಾರಾದರೂ ಒಪ್ಪಂದದ ಪತ್ರ ಇಟ್ಟರೆ, ಸಹಿ ಹಾಕುವ ಮೊದಲು ಅದನ್ನು ನಿಮಗೆ ತೋರಿಸಲು ಹೇಳಿ. ಮೊತ್ತವನ್ನು ಕೊನೆಗೆ ಓದಿ. ಮೊದಲು ನೋಡಬೇಕಾದದ್ದು, ಮೊಣಕಾಲಿನ ಅಸ್ಥಿರಜ್ಜು ಹರಿದು ಎಂಟು–ಒಂಬತ್ತು ತಿಂಗಳು ಆಡಲಾಗದಿದ್ದರೆ ಸಂಬಳ ಮುಂದುವರಿಯುತ್ತದೆಯೇ, ಶಸ್ತ್ರಚಿಕಿತ್ಸೆಯ ಖರ್ಚು ಯಾರದು ಎಂಬುದು. ನನ್ನ ಕೈಗೆ ಬಂದ ಒಂದು ಪತ್ರದಲ್ಲಿ ಮೊತ್ತವನ್ನು ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಗಾಯದ ವಿಷಯಕ್ಕೆ ಮೀಸಲಾದ ಜಾಗದಲ್ಲಿ ಇದ್ದದ್ದು ‘ಅನ್ವಯಿಸುವುದಿಲ್ಲ’ ಎಂಬ ಒಂದೇ ಪದ. ಆ ಹುಡುಗಿಗೆ ಸಹಿ ಹಾಕಬೇಡ ಎಂದೆ. ಎರಡು ವಾರಗಳ ನಂತರ ಅದೇ ಮಂದಿ ವಿಮೆಯ ಷರತ್ತು ಸೇರಿಸಿ ಹೊಸ ಪತ್ರ ಕಳಿಸಿದರು.